ಅರ್ಲಿ ಡಿಸಿಷನ್ ಹಾಕಬೇಕೆ, ಬೇಡವೆ? ಸಹಿಗೆ ಮುಂಚೆ ತೂಗಿ ನೋಡುವ ಬಗೆ

ಸೆಪ್ಟೆಂಬರ್ ಬಂತೆಂದರೆ, ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಲಿರುವ ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ಮನೆಗಳಿಂದ ನನಗೆ ಬರುವುದು ಒಂದೇ ಪ್ರಶ್ನೆ. ಕೇಳುವವರಲ್ಲಿ ಕೆಲವರು ಅಮೆರಿಕದ ಫ್ರೀಮಾಂಟ್, ಎಡಿಸನ್ ಕಡೆಯ ಕನ್ನಡದವರು, ಕೆಲವರು ಜಯನಗರ, ಮೈಸೂರಿನವರು. "ಮಗಳಿಗೆ ಬ್ರೌನ್ ಯೂನಿವರ್ಸಿಟಿ ಅಂದ್ರೆ ಪ್ರಾಣ. ಅರ್ಲಿ ಡಿಸಿಷನ್ ಹಾಕಿದ್ರೆ ಸೀಟು ಸಿಗೋ ಛಾನ್ಸ್ ಜಾಸ್ತಿಯಂತಲ್ಲ, ಹಾಕಿಬಿಡೋಣ್ವಾ?" ಈ ಪ್ರಶ್ನೆಯಲ್ಲಿ ಮಗಳ ಆಸೆಯಿದೆ, ಸೀಟಿನ ಲೆಕ್ಕಾಚಾರವಿದೆ, ದುಡ್ಡಿನ ಮಾತು ಮಾತ್ರ ಇಲ್ಲ. ಆದರೆ ತೀರ್ಮಾನ ಶುರುವಾಗಬೇಕಾದದ್ದು ಅಲ್ಲಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಮಗುವಿನ ಇಷ್ಟವನ್ನು ಅಳೆಯುವ ಮೊದಲು ಮನೆಯ ಕೈಲಾಗುವ ಮೊತ್ತ ಗೊತ್ತಿರಬೇಕು.

ಅರ್ಲಿ ಡಿಸಿಷನ್ ಒಂದು ಕೊಡುಕೊಳ್ಳುವ ವ್ಯವಹಾರ. "ಸೀಟು ಕೊಟ್ಟರೆ ಬಂದೇ ಬರುತ್ತೇನೆ, ಬೇರೆಲ್ಲ ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ" ಎಂದು ವಿದ್ಯಾರ್ಥಿ ಮಾತು ಕೊಡುತ್ತಾಳೆ. ಕರೆದವರಲ್ಲಿ ಎಷ್ಟು ಜನ ಬರುತ್ತಾರೋ ಎಂಬ ಕಾಲೇಜಿನ ಚಿಂತೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಅದಕ್ಕೆ ಪ್ರತಿಯಾಗಿ ಕಾಲೇಜು ಅವಳ ಅರ್ಜಿಯ ಕಡೆ ಸ್ವಲ್ಪ ಹೆಚ್ಚು ವಾಲುತ್ತದೆ. ವಿದ್ಯಾರ್ಥಿ ಬಿಟ್ಟುಕೊಡುವುದು ನಾಲ್ಕೈದು ಕಾಲೇಜುಗಳ ಆಫರ್ ಮುಂದಿಟ್ಟುಕೊಂಡು ಹೋಲಿಸಿ ನೋಡುವ ಅವಕಾಶವನ್ನು. ಈ ಅವಕಾಶಕ್ಕೆ ಕೆಲವು ಮನೆಗಳಲ್ಲಿ ಬೆಲೆಯೇ ಇಲ್ಲ, ಕೆಲವು ಮನೆಗಳಲ್ಲಿ ಅದರ ಬೆಲೆ ಲಕ್ಷ ಡಾಲರ್ ದಾಟುತ್ತದೆ. ನಿಮ್ಮ ಮನೆ ಯಾವ ಗುಂಪಿನದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಇರುವ ದಾರಿಗಳು

ಹೆಸರುಗಳು ಒಂದರಂತೆ ಒಂದು ಕೇಳಿಸುವುದರಿಂದ ಮೊದಲು ಬಿಡಿಸಿ ಹೇಳುತ್ತೇನೆ.

ಅರ್ಲಿ ಡಿಸಿಷನ್‌ಗೆ ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ನವೆಂಬರ್ 1, ಕೆಲವು ಕಡೆ ನವೆಂಬರ್ 15. ಉತ್ತರ ಡಿಸೆಂಬರ್ ಮಧ್ಯದ ಹೊತ್ತಿಗೆ. ಹಾಕಬಹುದಾದದ್ದು ಒಂದೇ ಕಾಲೇಜಿಗೆ. ಬ್ರೌನ್, ಕಾರ್ನೆಲ್, ಕೊಲಂಬಿಯಾ, ಪೆನ್, ಡಾರ್ಟ್ಮತ್, ಡ್ಯೂಕ್, ನಾರ್ತ್‌ವೆಸ್ಟರ್ನ್, ಕಾರ್ನೆಗಿ ಮೆಲನ್ ಈ ಸಾಲಿಗೆ ಸೇರುತ್ತವೆ.

ಇದರದೇ ಎರಡನೇ ಸುತ್ತು ಜನವರಿ ಮೊದಲ ದಿನಗಳಲ್ಲಿ ಬರುತ್ತದೆ, ಉತ್ತರ ಫೆಬ್ರವರಿಯಲ್ಲಿ. ಕಟ್ಟುಪಾಡು ಅಷ್ಟೇ ಬಿಗಿ. ಶಿಕಾಗೋ, ವ್ಯಾಂಡರ್‌ಬಿಲ್ಟ್, ಎಮೊರಿ, ಜಾನ್ಸ್ ಹಾಪ್ಕಿನ್ಸ್, ನ್ಯೂಯಾರ್ಕ್ ಯೂನಿವರ್ಸಿಟಿ ಇದನ್ನು ನಡೆಸುತ್ತವೆ.

ಅರ್ಲಿ ಆಕ್ಷನ್ ಬೇರೆಯೇ. ಬೇಗ ಅರ್ಜಿ, ಬೇಗ ಉತ್ತರ, ಆದರೆ ಕಟ್ಟುಪಾಡಿಲ್ಲ. ಸೀಟು ಸಿಕ್ಕರೂ ಮೇ 1ರವರೆಗೆ ಯೋಚಿಸಬಹುದು. ಎಂಐಟಿ, ಪರ್ಡ್ಯೂ, ಇಲಿನಾಯ್, ಜಾರ್ಜಿಯಾ ಟೆಕ್ ಈ ದಾರಿಯವು. ಕಂಪ್ಯೂಟರ್ ಸೈನ್ಸ್ ಬೇಕೆನ್ನುವ ನಮ್ಮ ಮಕ್ಕಳು ಇದನ್ನು ಮರೆಯಬಾರದು. ಆ ವಿಷಯದಲ್ಲಿ ದೊಡ್ಡ ಹೆಸರಿರುವ ಹಲವು ಸರ್ಕಾರಿ ವಿಶ್ವವಿದ್ಯಾಲಯಗಳ ಬಾಗಿಲು ಯಾವ ಮಾತೂ ಕೊಡದೆ ತಟ್ಟಬಹುದಾದದ್ದು.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳದು ನಡುವಿನ ದಾರಿ. ಸೀಟು ಸಿಕ್ಕರೆ ಸೇರಲೇಬೇಕೆಂಬ ಕಟ್ಟಿಲ್ಲ, ಆದರೆ ಅದೇ ಹೊತ್ತಿಗೆ ಬೇರೆ ಖಾಸಗಿ ಕಾಲೇಜುಗಳಿಗೆ ಬೇಗನೆ ಅರ್ಜಿ ಹಾಕುವಂತಿಲ್ಲ.

ಉಳಿದದ್ದು ರೆಗ್ಯುಲರ್. ಜನವರಿ ಆರಂಭದಲ್ಲಿ ಅರ್ಜಿ, ಮಾರ್ಚ್ ಕೊನೆಗೆ ಉತ್ತರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಕ್ಯಾಂಪಸ್‌ಗಳಿಗೆ ಬೇಗನೆಯ ದಾರಿಯೇ ಇಲ್ಲ. ನವೆಂಬರ್ ಕೊನೆಗೆ ಅರ್ಜಿ, ಉತ್ತರ ಮಾರ್ಚ್‌ನಲ್ಲಿ.

ತೂಗುವುದಕ್ಕೆ ನಾಲ್ಕು ಪ್ರಶ್ನೆ ಸಾಕು. ದುಡ್ಡು ಹೊಂದುತ್ತದೆಯೇ? ಬೇಗ ಹಾಕಿದರೆ ನಮಗೆ ನಿಜಕ್ಕೂ ಲಾಭವಿದೆಯೇ? ಇಷ್ಟ ಗಟ್ಟಿಯೇ? ನವೆಂಬರ್ 1ಕ್ಕೆ ಅರ್ಜಿ ಒಳ್ಳೆಯ ಸ್ಥಿತಿಯಲ್ಲಿ ಇರುತ್ತದೆಯೇ? ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಮೊದಲನೆಯದಕ್ಕೆ ಉತ್ತರ ಇಲ್ಲ ಎಂದಾದರೆ ಉಳಿದ ಮೂರನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ.

ದುಡ್ಡು

ಬ್ರೌನ್, ಕಾರ್ನೆಲ್‌ನಂಥ ಖಾಸಗಿ ಕಾಲೇಜುಗಳಲ್ಲಿ ಫೀಸು, ಹಾಸ್ಟೆಲ್ಲು, ಊಟ ಎಲ್ಲ ಸೇರಿ ವರ್ಷಕ್ಕೆ 90,000 ಡಾಲರ್‌ಗೂ ಹೆಚ್ಚು ಆಗುತ್ತದೆ. ನಾಲ್ಕು ವರ್ಷಕ್ಕೆ ರೂಪಾಯಿಯಲ್ಲಿ ಹೇಳುವುದಾದರೆ ಮೂರು ಕೋಟಿಗೂ ಹೆಚ್ಚು. ಈ ಮೊತ್ತವನ್ನು ನಿವೃತ್ತಿಯ ಹಣ ಮುಟ್ಟದೆ, ಮನೆ ಅಡವಿಡದೆ ಕೊಡಬಲ್ಲ ಕುಟುಂಬಗಳಿಗೆ ಅರ್ಲಿ ಡಿಸಿಷನ್‌ನಿಂದ ಹಣದ ನಷ್ಟವಿಲ್ಲ. ಅಂಥವರು ನೇರ ಎರಡನೇ ಪ್ರಶ್ನೆಗೆ ಹೋಗಬಹುದು.

ಉಳಿದವರು ಮಾಡಬೇಕಾದ ಮೊದಲ ಕೆಲಸ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ತೆರೆಯುವುದು, ಅಂದರೆ ಸಹಾಯಧನ ಕಳೆದು ನಿಮ್ಮ ಮನೆಗೆ ಬೀಳುವ ವೆಚ್ಚವನ್ನು ಅಂದಾಜಿಸುವ ಸಾಧನ. ಫೆಡರಲ್ ಸಹಾಯಧನದ ವ್ಯವಸ್ಥೆಯಲ್ಲಿರುವ ಅಮೆರಿಕದ ಕಾಲೇಜುಗಳೆಲ್ಲ 2011ರಿಂದ ಇದನ್ನು ತಮ್ಮ ವೆಬ್‌ಸೈಟಿನಲ್ಲಿ ಇಡಲೇಬೇಕೆಂದು ಕಾನೂನಿದೆ. ಅಂದಾಜಿನ ಮೇಲೆ ತುಂಬಬೇಡಿ. ಟ್ಯಾಕ್ಸ್ ರಿಟರ್ನ್, ಸಂಬಳದ ಲೆಕ್ಕದ ಡಬ್ಲ್ಯೂ-2 ಫಾರ್ಮ್, ಓದಿಗೆಂದು ಕೂಡಿಟ್ಟ 529 ಖಾತೆಯಲ್ಲಿರುವ ಹಣ, ಮನೆಯ ಇಂದಿನ ಬೆಲೆ, ಬಾಕಿಯಿರುವ ಸಾಲ, ಬೆಂಗಳೂರಿನಲ್ಲಿರುವ ಸೈಟು, ಬಾಡಿಗೆ ಬರುವ ಫ್ಲಾಟು, ಎಲ್ಲದರ ಲೆಕ್ಕ ಪಕ್ಕದಲ್ಲಿಟ್ಟುಕೊಂಡು ಕೂರಿ. ಮನೆಯ ಮೌಲ್ಯವನ್ನು ಕೆಲವು ಕಾಲೇಜುಗಳು ಲೆಕ್ಕಕ್ಕೆ ಹಿಡಿಯುತ್ತವೆ, ಕೆಲವು ಹಿಡಿಯುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಮನೆ ಕೊಂಡವರಿಗೆ ಇದೊಂದೇ ಅಂಶದಿಂದ ಎರಡು ಕಾಲೇಜುಗಳ ಮಧ್ಯೆ ಭಾರಿ ವ್ಯತ್ಯಾಸ ಬರುತ್ತದೆ.

ಹಾಗೆ ಕೂತಾಗ ಆಗುವುದನ್ನು ಹೇಳುತ್ತೇನೆ. ಅಪ್ಪ ಅಮ್ಮ ಇಬ್ಬರೂ ಸಾಫ್ಟ್‌ವೇರ್‌ನಲ್ಲಿರುವ ಮನೆ. ಪರದೆಯ ಮೇಲೆ 'ನಿಮ್ಮ ಅಂದಾಜು ವಾರ್ಷಿಕ ವೆಚ್ಚ' ಎಂದು ಬರುವ ಅಂಕಿ ಪೂರ್ತಿ ಬೆಲೆಗೆ ಕೂದಲೆಳೆಯಷ್ಟು ಕಡಿಮೆ ಇರುತ್ತದೆ. ಅಪ್ಪ "ಎರಡನೆಯವನು ಇನ್ನೂ ಒಂಬತ್ತನೇ ಕ್ಲಾಸು" ಎನ್ನುತ್ತಾರೆ, ಅಮ್ಮ ಮಗಳ ಮುಖ ನೋಡುತ್ತಾರೆ. ಸಹಾಯ ಸಿಗುವಷ್ಟು ಬಡವರಲ್ಲ, ಪೂರ್ತಿ ಕೊಡುವಷ್ಟು ಶ್ರೀಮಂತರೂ ಅಲ್ಲ. ಅಮೆರಿಕದ ಕನ್ನಡ ಕುಟುಂಬಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಇವರನ್ನೇ, ಅರ್ಲಿ ಡಿಸಿಷನ್ ಹೆಚ್ಚು ಪೆಟ್ಟು ಕೊಡುವುದೂ ಇವರಿಗೇ. ಇಂಥ ಮನೆಯ ಬುದ್ಧಿವಂತ ಮಗುವಿಗೆ ರೆಗ್ಯುಲರ್ ಸುತ್ತಿನಲ್ಲಿ ಮೆರಿಟ್ ಸ್ಕಾಲರ್‌ಶಿಪ್ ಕೊಡುವ ಕಾಲೇಜುಗಳಿರುತ್ತವೆ. ಹಾರ್ವರ್ಡ್, ಬ್ರೌನ್, ಕಾರ್ನೆಲ್ ಸೇರಿದಂತೆ ಎಂಟು ಹಳೆಯ ಖಾಸಗಿ ವಿಶ್ವವಿದ್ಯಾಲಯಗಳ ಗುಂಪಾದ ಐವಿ ಲೀಗ್ ಕಾಲೇಜುಗಳು ಮೆರಿಟ್‌ಗೆ ಹಣ ಕೊಡುವುದೇ ಇಲ್ಲ, ಕೊಡುವುದು ಅಗತ್ಯ ನೋಡಿ ಮಾತ್ರ. ಮೆರಿಟ್ ಕೊಡುವ ಕಾಲೇಜಿಗೇ ಅರ್ಲಿ ಡಿಸಿಷನ್ ಹಾಕಿದರೂ, ಬಂದೇ ಬರುತ್ತೇನೆಂದು ಸಹಿ ಮಾಡಿದವಳನ್ನು ಹಣ ಕೊಟ್ಟು ಒಲಿಸುವ ಜರೂರು ಅದಕ್ಕಿರುವುದಿಲ್ಲ.

ಕ್ಯಾಲಿಫೋರ್ನಿಯಾದವರಿಗೆ ಇನ್ನೊಂದು ಮಾತು. ರಾಜ್ಯದ ನಿವಾಸಿಗೆ ಬರ್ಕ್ಲಿ ಅಥವಾ ಯುಸಿಎಲ್‌ಎ ಖರ್ಚು ಖಾಸಗಿ ಕಾಲೇಜಿನ ಅರ್ಧದ ಆಸುಪಾಸು. ಆ ಉತ್ತರ ಬರುವುದು ಮಾರ್ಚ್‌ನಲ್ಲಿ. ಡಿಸೆಂಬರ್‌ನಲ್ಲಿ ಅರ್ಲಿ ಡಿಸಿಷನ್ ಸೀಟು ಸಿಕ್ಕರೆ ಆ ಅರ್ಜಿಯನ್ನು ಉತ್ತರ ನೋಡುವ ಮೊದಲೇ ವಾಪಸ್ ಪಡೆಯಬೇಕು. 'ಬರ್ಕ್ಲಿ ಸಿಕ್ಕಿದ್ದರೆ ಅಲ್ಲಿಗೇ ಕಳಿಸುತ್ತಿದ್ದೆವು' ಎನ್ನುವ ಮನೆಯವರು ಅರ್ಲಿ ಡಿಸಿಷನ್‌ಗೆ ಸಹಿ ಹಾಕಬಾರದು.

"ಹಣ ಸಾಲದಿದ್ದರೆ ಬಿಟ್ಟು ಬರಬಹುದಂತಲ್ಲ?" ಎಂದು ಕೇಳುತ್ತಾರೆ. ನಿಜ. ಸಹಾಯಧನಕ್ಕೆ ಅರ್ಜಿ ಹಾಕಿದ್ದು, ಕಾಲೇಜು ಕೊಟ್ಟ ಮೊತ್ತದಿಂದ ಓದುವುದು ಸಾಧ್ಯವಾಗದಿದ್ದರೆ ಸೀಟು ನಿರಾಕರಿಸಿ ಕಟ್ಟುಪಾಡಿನಿಂದ ಹೊರಬರಲು ಒಪ್ಪಂದದಲ್ಲೇ ಅವಕಾಶವಿದೆ. ಸಹಾಯದ ಉತ್ತರ ಕೈಸೇರುವವರೆಗೆ ಉಳಿದ ಅರ್ಜಿಗಳನ್ನು ವಾಪಸ್ ತೆಗೆಯಬೇಕಾಗಿಯೂ ಇಲ್ಲ. ಈ ಬಾಗಿಲು ಅಗತ್ಯ ಆಧಾರಿತ ಸಹಾಯ ಬೇಡಿದವರಿಗೆ, ಪ್ರಾಮಾಣಿಕ ಕೊರತೆಯಿದ್ದವರಿಗೆ. ಬೇರೆಡೆ ಕಡಿಮೆಗೆ ಸಿಗುತ್ತಿತ್ತು ಎಂಬ ಕಾರಣ ಅದರಲ್ಲಿ ನಡೆಯದು. ಬೇರೆಡೆ ಎಷ್ಟಕ್ಕೆ ಸಿಗುತ್ತಿತ್ತೆಂದು ಡಿಸೆಂಬರ್‌ನಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ಕಾರಣವಿಲ್ಲದೆ ಮಾತು ಮುರಿದರೆ ಕಾಲೇಜು ಕೋರ್ಟಿಗೆ ಎಳೆಯುತ್ತದೆಂದು ಹೆದರಬೇಕಾಗಿಲ್ಲ. ಆದರೆ ನಿಮ್ಮ ಶಾಲೆಯ ಮೇಲೆ ಆ ಕಾಲೇಜಿಗಿರುವ ನಂಬಿಕೆ ಕೆಡುತ್ತದೆ, ಮುಂದಿನ ವರ್ಷ ಅದೇ ಶಾಲೆಯಿಂದ ಅರ್ಜಿ ಹಾಕುವ ಮಕ್ಕಳು ಅದರ ಬೆಲೆ ತೆರುತ್ತಾರೆ. ಇದನ್ನು ನಾನು ಸಣ್ಣ ವಿಷಯ ಎನ್ನಲಾರೆ.

ಆದಾಯ ಕಡಿಮೆಯಿರುವ, ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವ ಕುಟುಂಬಗಳಿಗೆ ಚಿತ್ರವೇ ಬೇರೆ. ಅಗತ್ಯವನ್ನು ಪೂರ್ತಿ ತುಂಬುವ ಶ್ರೀಮಂತ ಕಾಲೇಜುಗಳಲ್ಲಿ ಇವರ ವೆಚ್ಚ ಸ್ವಂತ ರಾಜ್ಯದ ವಿಶ್ವವಿದ್ಯಾಲಯಕ್ಕಿಂತ ಕಡಿಮೆಯಾಗುವುದುಂಟು. ಡಾರ್ಟ್ಮತ್‌ನಲ್ಲಿ 1,25,000 ಡಾಲರ್‌ವರೆಗಿನ ಆದಾಯ ಮತ್ತು ಸಾಧಾರಣ ಆಸ್ತಿಯ ಕುಟುಂಬಗಳಿಂದ ತಂದೆತಾಯಿಯ ಪಾಲನ್ನೇ ಕೇಳುವುದಿಲ್ಲ. ಕ್ಯಾಲ್ಕುಲೇಟರ್ ಒಪ್ಪಿಗೆಯ ಅಂಕಿ ತೋರಿಸಿದರೆ ಇವರು ಧೈರ್ಯವಾಗಿ ಹಾಕಬಹುದು. 'ಅರ್ಲಿ ಡಿಸಿಷನ್ ದುಡ್ಡಿದ್ದವರಿಗೆ' ಎಂದು ಕೇಳಿ ಹಿಂಜರಿಯುವವರೂ ಇವರೇ ಆಗಿರುವುದು ಬೇಸರದ ಸಂಗತಿ.

ಎಚ್-4 ಮಕ್ಕಳು, ಭಾರತದಿಂದ ಹಾಕುವವರು

ಅಪ್ಪನೋ ಅಮ್ಮನೋ ಎಚ್-1ಬಿ ಕೆಲಸದ ವೀಸಾ ಮೇಲಿದ್ದು ಮಗು ಅವಲಂಬಿತರ ವೀಸಾ ಆದ ಎಚ್-4ನಲ್ಲಿದ್ದರೆ, ಕಿಂಡರ್‌ಗಾರ್ಟನ್‌ನಿಂದ ಅಮೆರಿಕದಲ್ಲೇ ಓದಿದ್ದರೂ, ಫಾಫ್ಸಾ ಎಂಬ ಸರ್ಕಾರಿ ಸಹಾಯಧನದ ಅರ್ಜಿಯ ಮೂಲಕ ಸಿಗುವ ಫೆಡರಲ್ ಸಹಾಯ ಇಲ್ಲ. ಬಹಳಷ್ಟು ಖಾಸಗಿ ಕಾಲೇಜುಗಳು ಇವರನ್ನು ಸಹಾಯಧನದ ಮಟ್ಟಿಗೆ ವಿದೇಶಿ ವಿದ್ಯಾರ್ಥಿಗಳ ಸಾಲಿನಲ್ಲೇ ಕೂರಿಸುತ್ತವೆ. ಆಯಾ ಕಾಲೇಜಿನ ಅಡ್ಮಿಷನ್ ಆಫೀಸಿಗೆ ಇಮೇಲ್ ಬರೆದು ಲಿಖಿತ ಉತ್ತರ ಪಡೆಯದೆ ಸಹಿ ಹಾಕಬೇಡಿ. ಕ್ಯಾಲ್ಕುಲೇಟರ್‌ಗಳೂ ಹೆಚ್ಚಾಗಿ ಪೌರರನ್ನು ಮನಸ್ಸಿನಲ್ಲಿಟ್ಟು ಮಾಡಿದವು.

ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಕಾಲೇಜುಗಳು ಎರಡು ಬಗೆ. ಸಹಾಯ ಕೇಳಿದ್ದಾರೋ ಇಲ್ಲವೋ ನೋಡದೆ ಆರಿಸುವವು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮೊದಲಿನಿಂದಲೂ ಇದ್ದವು. 2022ರಲ್ಲಿ ಡಾರ್ಟ್ಮತ್ ಮತ್ತು ಬೌಡನ್ ಸೇರಿಕೊಂಡವು, 2025ರಲ್ಲಿ ಕಾಲೇಜು ಸೇರಿದ ಬ್ಯಾಚ್‌ನಿಂದ ಬ್ರೌನ್ ಕೂಡ. ಇವುಗಳಲ್ಲಿ ಅರ್ಲಿ ಡಿಸಿಷನ್ ಇರುವುದು ಆಮ್ಹರ್ಸ್ಟ್, ಡಾರ್ಟ್ಮತ್, ಬೌಡನ್, ಬ್ರೌನ್ ಕಡೆ. ಬೆಂಗಳೂರಿನಿಂದ ದೊಡ್ಡ ಸಹಾಯ ಕೇಳುವ ವಿದ್ಯಾರ್ಥಿ ಅರ್ಲಿ ಡಿಸಿಷನ್ ಹಾಕಲೇಬೇಕೆಂದಿದ್ದರೆ ಈ ನಾಲ್ಕನ್ನು ಮೊದಲು ನೋಡಲಿ ಎಂದು ನಾನು ಹೇಳುತ್ತೇನೆ. ಬೇರೆಡೆ, ಉದಾಹರಣೆಗೆ ಕಾರ್ನೆಲ್, ಕೊಲಂಬಿಯಾ, ಪೆನ್‌ಗಳಲ್ಲಿ, ಸಹಾಯ ಕೇಳಿದ್ದು ಆಯ್ಕೆಯ ಮೇಲೂ ಪರಿಣಾಮ ಬೀರುತ್ತದೆ.

"ಈಗ ಸಹಾಯ ಬೇಡ ಅಂತ ಬರೆದು, ಸೇರಿದ ಮೇಲೆ ಕೇಳೋಣ" ಎಂಬ ಉಪಾಯವನ್ನು ಕೆಲವು ಏಜೆಂಟರು ಹೇಳಿಕೊಡುತ್ತಾರೆ. ದಯವಿಟ್ಟು ಅದರ ಹಿಂದೆ ಹೋಗಬೇಡಿ. ಅರ್ಜಿಯ ಹೊತ್ತಿಗೆ ಕೇಳದ ವಿದೇಶಿ ವಿದ್ಯಾರ್ಥಿಗೆ ಮುಂದೆಯೂ ಸಹಾಯ ಕೊಡುವುದಿಲ್ಲವೆಂಬ ನಿಯಮ ಹಲವು ಕಾಲೇಜುಗಳಲ್ಲಿದೆ. ಎರಡನೇ ವರ್ಷದ ಫೀಸಿಗೆ ಹಣ ಹೊಂದಿಸಲಾಗದೆ ಮಗು ಓದು ನಿಲ್ಲಿಸಬೇಕಾಗಿ ಬರುವುದಕ್ಕಿಂತ ಕೆಟ್ಟದ್ದಿಲ್ಲ.

ಬೇಗ ಹಾಕಿದರೆ ಲಾಭವೆಷ್ಟು?

ಲಾಭ ಇದೆ, ಆದರೆ ಹೇಳುವಷ್ಟಿಲ್ಲ. ಬ್ರೌನ್‌ನದೇ ಒಂದು ವರ್ಷ ನೋಡೋಣ. 2024ರಲ್ಲಿ ಸೇರಿದ ಬ್ಯಾಚ್‌ಗೆ ಅರ್ಲಿ ಡಿಸಿಷನ್‌ನಲ್ಲಿ 6,244 ಅರ್ಜಿ ಬಂದು 898 ಜನರಿಗೆ ಸೀಟು ಸಿಕ್ಕಿತು, ನೂರಕ್ಕೆ ಹದಿನಾಲ್ಕು. ಎಲ್ಲ ಸೇರಿ 48,881 ಅರ್ಜಿಗೆ 2,521 ಸೀಟು. ಮೊದಲಿನದನ್ನು ಕಳೆದರೆ ರೆಗ್ಯುಲರ್‌ನಲ್ಲಿ ಸಿಕ್ಕಿದ್ದು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಸುಮಾರು 1,700 ಜನರ ಬ್ಯಾಚ್‌ನ ಅರ್ಧಕ್ಕೂ ಹೆಚ್ಚು ಜಾಗ ಡಿಸೆಂಬರ್‌ನಲ್ಲೇ ತುಂಬಿಹೋಗಿತ್ತು.

ಹದಿನಾಲ್ಕಕ್ಕೂ ನಾಲ್ಕಕ್ಕೂ ಇರುವ ಅಂತರವನ್ನೆಲ್ಲ ನಿಮ್ಮ ಮಗುವಿನ ಲಾಭವೆಂದು ಎಣಿಸಬಾರದು. ಕೋಚ್‌ಗಳು ಮೊದಲೇ ಆರಿಸಿದ ಕ್ರೀಡಾಪಟುಗಳು ಬರುವುದು ಈ ಸುತ್ತಿನಲ್ಲಿ. ಹಳೆಯ ವಿದ್ಯಾರ್ಥಿಗಳ ಮಕ್ಕಳು, ಅಲ್ಲಿಯ ಸಿಬ್ಬಂದಿಯ ಮಕ್ಕಳು ಹೆಚ್ಚಾಗಿ ಇಲ್ಲೇ ಹಾಕುತ್ತಾರೆ. ಅವರನ್ನು ಕಳೆದರೆ ಅಂತರ ಕಡಿಮೆಯಾಗುತ್ತದೆ. ಗಡಿಯ ಹತ್ತಿರ ಇರುವ ಅರ್ಜಿಯನ್ನು ಅದು ದಾಟಿಸಬಹುದು, ದೂರವಿರುವ ಅರ್ಜಿಯನ್ನು ಎತ್ತಿ ತರಲಾರದು.

ನಿಮ್ಮ ಕಾಲೇಜಿನ ಅಂಕಿ ಬೇಕಿದ್ದರೆ ಅದರ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' ಎಂದು ಹುಡುಕಿ, ಅದು ಕಾಲೇಜೇ ಪ್ರಕಟಿಸುವ ಅಂಕಿಅಂಶಗಳ ಕಡತ. ಅದರಲ್ಲಿ ಸಿ21 ಎಂಬ ಭಾಗದಲ್ಲಿ ಅರ್ಲಿ ಡಿಸಿಷನ್ ಅರ್ಜಿ, ಸೀಟು ಎರಡೂ ಇರುತ್ತವೆ. ಮೇಲೆ ಮಾಡಿದ ಕಳೆಯುವ ಲೆಕ್ಕವನ್ನು ನೀವೇ ಮಾಡಿ. ಎಚ್6 ಭಾಗದಲ್ಲಿ ವಿದೇಶಿ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಸಹಾಯ, ಸರಾಸರಿ ಎಷ್ಟು ಎಂದಿರುತ್ತದೆ. ಏಜೆಂಟರ ಮಾತಿಗಿಂತ ಈ ಎರಡು ಪುಟ ವಾಸಿ.

ಈ ಪದ್ಧತಿ ನ್ಯಾಯವೇ ಎಂಬ ಜಗಳ ಹಳೆಯದು. ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ 2006ರಲ್ಲಿ ಬೇಗನೆಯ ಆಯ್ಕೆಯನ್ನೇ ಕೈಬಿಡುವುದಾಗಿ ಘೋಷಿಸಿ, 2011ರಲ್ಲಿ ಕಟ್ಟುಪಾಡಿಲ್ಲದ ರೂಪದಲ್ಲಿ ಮರಳಿ ತಂದವು. ಹಣವಿದ್ದವರಿಗೆ ಇದು ಅನುಕೂಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಈ ವರ್ಷ ಅರ್ಜಿ ಹಾಕುವ ಮಗುವಿಗೆ ಇರುವ ನಿಯಮದಲ್ಲೇ ದಾರಿ ಹುಡುಕಬೇಕು.

ಇಷ್ಟ ಗಟ್ಟಿಯೇ?

ಒಂದು ಪರೀಕ್ಷೆ ಹೇಳುತ್ತೇನೆ. ಬ್ರೌನ್‌ನಲ್ಲಿ ಎಲ್ಲರೂ ಓದಲೇಬೇಕಾದ ವಿಷಯಗಳ ಪಟ್ಟಿಯಿಲ್ಲ. ಮೇಜರ್‌ಗೆ, ಅಂದರೆ ಆರಿಸಿಕೊಂಡ ಮುಖ್ಯ ವಿಷಯಕ್ಕೆ, ಬೇಕಾದ್ದು ಬಿಟ್ಟರೆ ಏನು ಓದಬೇಕೆಂಬುದು ವಿದ್ಯಾರ್ಥಿಯ ಆಯ್ಕೆ. ಕೊಲಂಬಿಯಾ ಕಾಲೇಜಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿಯ ಕೋರ್ ಪಠ್ಯಕ್ರಮದಲ್ಲಿ ಸಾಹಿತ್ಯ, ತತ್ತ್ವಚಿಂತನೆ, ಸಂಗೀತ, ಕಲೆ ಎಲ್ಲರಿಗೂ ಕಡ್ಡಾಯ. "ಎರಡೂ ಅಷ್ಟೇ ಇಷ್ಟ, ಯಾವುದಕ್ಕಾದರೂ ಸರಿ" ಎನ್ನುವ ಮಗು ಇಷ್ಟಪಟ್ಟಿರುವುದು ಹೆಸರನ್ನು. ಆ ಮಗುವಿಗೆ ಅರ್ಲಿ ಡಿಸಿಷನ್ ಬೇಡ. ಕೋರ್ಸ್ ಪಟ್ಟಿ ತೆರೆದು ಮೊದಲ ವರ್ಷ ಏನೇನು ತೆಗೆದುಕೊಳ್ಳುತ್ತೇನೆಂದು ಬರೆಯಲು ಹೇಳಿ. ಖುಷಿಯಿಂದ ಬರೆದರೆ ಮುಂದಿನ ಮಾತು.

ಯಾವ ವಿಭಾಗಕ್ಕೆ ಎಂಬುದೂ ಇದರೊಳಗೇ ಬರುತ್ತದೆ. ಕಾರ್ನೆಲ್‌ನಲ್ಲಿ ಅರ್ಜಿ ಹಾಕುವಾಗಲೇ ಎಂಜಿನಿಯರಿಂಗೋ ಆರ್ಟ್ಸ್ ಅಂಡ್ ಸೈನ್ಸಸ್ಸೋ ಎಂದು ಆರಿಸಬೇಕು. ಕಾರ್ನೆಗಿ ಮೆಲನ್‌ನಲ್ಲಿ ಬೇರೆ ವಿಭಾಗಕ್ಕೆ ಸೇರಿ ಆಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಬದಲಿಸಿಕೊಳ್ಳುವುದು ಬಹಳ ಕಷ್ಟ. ಸುಲಭದ ವಿಭಾಗದಿಂದ ಒಳಹೋಗಿ ನೋಡೋಣ ಎಂಬ ಯೋಚನೆಯಲ್ಲಿ ಕಟ್ಟುಪಾಡಿನ ಸಹಿ ಹಾಕಿದರೆ ನಾಲ್ಕು ವರ್ಷ ಬೇಡದ ವಿಷಯ ಓದಬೇಕಾಗಬಹುದು.

ತಯಾರಿ

ಹನ್ನೊಂದನೇ ಕ್ಲಾಸಿನ ಅಂಕ ಚೆನ್ನಾಗಿದ್ದು, ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆ ಅಕ್ಟೋಬರ್ ಒಳಗೆ ಮುಗಿದಿದ್ದರೆ ಸರಿ. ಬ್ರೌನ್, ಡಾರ್ಟ್ಮತ್‌ನಂಥವು ಪರೀಕ್ಷೆಯ ಅಂಕವನ್ನು ಮತ್ತೆ ಕಡ್ಡಾಯ ಮಾಡಿವೆ. ಹನ್ನೊಂದರಲ್ಲಿ ಎಡವಿ ಈಗ ಮೇಲೇರುತ್ತಿರುವ ಮಗುವಿಗೆ ಜನವರಿಯ ಸುತ್ತು ಮೇಲು. ಹೊಸ ಅಂಕ ಅಷ್ಟರಲ್ಲಿ ಕೈಯಲ್ಲಿರುತ್ತದೆ.

ಬೆಂಗಳೂರು, ಮೈಸೂರಿನ ಪಿಯು ಕಾಲೇಜಿನವರಿಗೆ ಒಂದು ತೊಡಕಿದೆ. ಅರ್ಲಿ ಡಿಸಿಷನ್ ಒಪ್ಪಂದಕ್ಕೆ ವಿದ್ಯಾರ್ಥಿ, ಪೋಷಕರ ಜೊತೆ ಶಾಲೆಯ ಕೌನ್ಸೆಲರ್ ಸಹಿಯೂ ಬೇಕು. ಎಷ್ಟೋ ಪಿಯು ಕಾಲೇಜುಗಳಲ್ಲಿ ಕೌನ್ಸೆಲರ್ ಎಂಬ ಹುದ್ದೆಯೇ ಇಲ್ಲ. ಪ್ರಿನ್ಸಿಪಾಲರೋ ಹಿರಿಯ ಲೆಕ್ಚರರೋ ಆ ಕೆಲಸ ಮಾಡಬೇಕಾಗುತ್ತದೆ. ಅಕ್ಟೋಬರ್ ಕೊನೆಯ ವಾರ ಓಡಿಹೋಗಿ "ಸರ್, ಇಲ್ಲೊಂದು ಸೈನ್ ಹಾಕಿ" ಎಂದರೆ ಆಗುವುದಿಲ್ಲ. ಆಗಸ್ಟ್‌ನಲ್ಲೇ ಕೂತು ವಿವರಿಸಿ, ಇಮೇಲ್ ಐಡಿ ಪಡೆದು, ಮಾರ್ಕ್ಸ್ ಕಾರ್ಡ್ ಕಳಿಸುವುದು ಹೇಗೆಂದು ತೋರಿಸಿ. ಸೀಟು ಸಿಕ್ಕರೆ ಬೇರೆ ಅರ್ಜಿ ವಾಪಸ್ ಪಡೆಯುವ ಮಾತಿಗೆ ಅವರೂ ಸಾಕ್ಷಿ ಎಂಬುದನ್ನೂ ತಿಳಿಸಿ. ಆ ಮಾತು ಇಂಗ್ಲೆಂಡ್, ಕೆನಡಾದ ಅರ್ಜಿಗಳಿಗೂ ಅನ್ವಯಿಸುತ್ತದೆ.

ಪಿಯು ಮಕ್ಕಳಿಗೆ ಒಂದು ಅನುಕೂಲವೂ ಇದೆ. ಡಿಸೆಂಬರ್ ಮಧ್ಯಕ್ಕೆ ಉತ್ತರ ಗೊತ್ತಾದರೆ ಜನವರಿಯ ಜೆಇಇ, ಆಮೇಲಿನ ಸಿಇಟಿ ಒತ್ತಡ ಇಳಿದು ಬೋರ್ಡ್ ಪರೀಕ್ಷೆಗೆ ಮನಸ್ಸು ಕೊಡಬಹುದು. ಬೋರ್ಡ್ ಅಂಕ ತೀರ ಕುಸಿದರೆ ಕಾಲೇಜು ಸೀಟು ಹಿಂತೆಗೆದುಕೊಳ್ಳುವ ಹಕ್ಕು ಇಟ್ಟುಕೊಂಡಿರುತ್ತದೆ, ಅದು ನೆನಪಿರಲಿ. ಸೀಟು ಸಿಗದಿದ್ದರೆ ಇದೇ ವೇಳಾಪಟ್ಟಿ ಕಾಡುತ್ತದೆ, ಎಂಟು ಹತ್ತು ಪ್ರಬಂಧಗಳ ಜೊತೆ ಜೆಇಇ ತಯಾರಿ ಎರಡು ವಾರದಲ್ಲಿ ಮೈಮೇಲೆ ಬೀಳುತ್ತದೆ.

ಈ ಎಲ್ಲ ನೋಡಿ ನಾನು ಮನೆಮನೆಗೆ ಹೇಳುವುದು ಹೀಗೆ. ಪೂರ್ತಿ ಖರ್ಚು ಹೊರಬಲ್ಲ ಮನೆ, ಇಷ್ಟ ಗಟ್ಟಿ, ಅರ್ಜಿ ಸಿದ್ಧ: ಹಾಕಿ. ಕಡಿಮೆ ಆದಾಯದ ಅಮೆರಿಕದ ನಿವಾಸಿ, ಕ್ಯಾಲ್ಕುಲೇಟರ್ ಒಪ್ಪುವ ಅಂಕಿ ತೋರಿಸಿದೆ: ಹಾಕಿ. ನಡುವಿನ ಆದಾಯ, ಮೆರಿಟ್ ಹಣ ಅಥವಾ ರಾಜ್ಯದ ವಿಶ್ವವಿದ್ಯಾಲಯದ ಜೊತೆ ಹೋಲಿಸಬೇಕಾದ ಮನೆ: ಬೇಡ, ಅರ್ಲಿ ಆಕ್ಷನ್ ಇರುವಲ್ಲೆಲ್ಲ ಅದನ್ನು ಹಾಕಿ, ಉಳಿದದ್ದು ರೆಗ್ಯುಲರ್. ಹಾರ್ವರ್ಡ್‌ನಲ್ಲಿ ಈಗ 2,00,000 ಡಾಲರ್‌ವರೆಗಿನ, ಪ್ರಿನ್ಸ್‌ಟನ್‌ನಲ್ಲಿ 2,50,000 ಡಾಲರ್‌ವರೆಗಿನ ಆದಾಯದ ಹೆಚ್ಚಿನ ಕುಟುಂಬಗಳಿಗೆ ಟ್ಯೂಷನ್ ಫೀಸಿಲ್ಲ. ಅಷ್ಟು ಬಲವಾದ ಅರ್ಜಿಯಿರುವ ನಡುವಿನ ಆದಾಯದ ಮಗುವಿಗೆ ಆ ಕಟ್ಟಿಲ್ಲದ ದಾರಿ ಹೆಚ್ಚು ಹೊಂದುತ್ತದೆ. ಎಚ್-4 ಮಗು ಮತ್ತು ಭಾರತದಿಂದ ಸಹಾಯ ಕೇಳುವವರು: ಲಿಖಿತ ಉತ್ತರ ಸಿಕ್ಕ ಮೇಲೆ, ಮೇಲೆ ಹೇಳಿದ ನಾಲ್ಕು ಕಾಲೇಜಿನ ಕಡೆ ಮೊದಲು ನೋಡಿ.

ಹಾಕುವುದೆಂದು ತೀರ್ಮಾನವಾದರೂ ಉಳಿದ ಅರ್ಜಿಗಳನ್ನು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಯೊಳಗೆ ಬರೆದು ಮುಗಿಸಿರಿ. ಡಿಸೆಂಬರ್‌ನಲ್ಲಿ 'ಇಲ್ಲ' ಎಂದೋ, ರೆಗ್ಯುಲರ್ ಸುತ್ತಿಗೆ ಮುಂದೂಡಿದ್ದೇವೆ ಎಂದೋ ಉತ್ತರ ಬಂದರೆ ಕಟ್ಟುಪಾಡು ಅಲ್ಲಿಗೆ ಬಿಡುಗಡೆಯಾಗುತ್ತದೆ, ಜನವರಿಯ ಎರಡನೇ ಸುತ್ತಿಗೆ ಬೇರೆ ಕಾಲೇಜು ಆರಿಸಬಹುದು. ಆ ವಾರ ಮಗು ಅಳುತ್ತಿರುತ್ತದೆ, ಮನೆಯವರಿಗೆ ಏನಾದರೂ ಮಾಡಲೇಬೇಕೆಂಬ ತವಕ. ಯಾವುದೋ ಕಾಲೇಜಿಗೆ ಮತ್ತೊಂದು ಕಟ್ಟುಪಾಡಿನ ಸಹಿ ಬೀಳುವುದು ಆಗಲೇ. ಆದ್ದರಿಂದ ಎರಡನೇ ಸುತ್ತಿಗೆ ಹಾಕುತ್ತೀರೋ ಇಲ್ಲವೋ, ಹಾಕಿದರೆ ಯಾವ ಕಾಲೇಜು, ಅದರ ಕ್ಯಾಲ್ಕುಲೇಟರ್ ತೋರಿಸಿದ ಅಂಕಿ ಎಷ್ಟು, ಇದನ್ನು ಅಕ್ಟೋಬರ್‌ನಲ್ಲೇ ಮಗುವಿನ ಜೊತೆ ಕೂತು ಬರೆದಿಡಿ.